ಆ ರಿಜಿಸ್ಟರ್ ಮುಚ್ಚಿಸಿ: ಗೃಹ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಬರೀ ಸಂಶಯದ ಮೇಲೆ ಪೊಲೀಸರು ಹೆಸರುಗಳ ರಿಜಿಸ್ಟರ್ ಇಡಲು ಬಿಡುವ ಸೆಕ್ಷನ್ 36ಎ ಅನ್ನು ಕರ್ನಾಟಕ ಪೊಲೀಸ್ ಕಾಯ್ದೆ, 1963ರಿಂದ ತೆಗೆದುಹಾಕುವ ಬಗ್ಗೆ.

ನಮಸ್ಕಾರ ಸರ್.

ನಾನು ಕಂದಾಯ ಇಲಾಖೆಯಲ್ಲಿ 33 ವರ್ಷ ಕೆಲಸ ಮಾಡಿ, 2018ರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದವಳು. ನನ್ನ ಬದುಕೆಲ್ಲ ರಿಜಿಸ್ಟರುಗಳ ಜೊತೆಗೇ ಕಳೆಯಿತು. ಪಹಣಿ, ಮ್ಯುಟೇಷನ್, ಜನನ-ಮರಣ, ಪಿಂಚಣಿ, ಮತದಾರರ ಪಟ್ಟಿ. ರಿಜಿಸ್ಟರಿನಲ್ಲಿ ಹೆಸರಿಲ್ಲ ಅಂತ ಅಳುತ್ತಾ ಬಂದವರನ್ನು ದಿನಾ ನೋಡಿದ್ದೇನೆ. ಹೆಸರಿದೆ ಅಂತ ಅತ್ತವಳನ್ನು ನೋಡಿದ್ದು ಒಂದೇ ಸಲ. ಅವಳು ನನ್ನ ಮಗಳು.

ಅವಳು ಹುಟ್ಟಿದ್ದು 1988ರಲ್ಲಿ. ಜನನ ರಿಜಿಸ್ಟರಿನಲ್ಲಿ 'ಗಂಡು' ಅಂತ ಬರೆಸಿದ್ದೆವು. ತಾನು ಹುಡುಗಿ ಅಂತ ಹತ್ತನೇ ವಯಸ್ಸಿಗೇ ಅವಳಿಗೆ ಗೊತ್ತಿತ್ತು. ನಮಗೆ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಒಪ್ಪಿಕೊಳ್ಳಲಿಲ್ಲ. ಅವರಪ್ಪ ಬೆಲ್ಟಿನಲ್ಲಿ ಹೊಡೆದರು. ನಾನು ಬಿಡಿಸಲಿಲ್ಲ. 2005ರಲ್ಲಿ ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋದಳು. ಅಲ್ಲಿ ಹಿಜ್ರಾ ಸಮುದಾಯದ ಒಬ್ಬ ಗುರು ಅವಳನ್ನು ಮಗಳೇ ಅಂತ ಕರೆದು ತಮ್ಮ ಹಮಾಮಿನಲ್ಲಿ, ಅಂದರೆ ಆ ಸಮುದಾಯದವರು ಒಟ್ಟಿಗೆ ಇರುವ ಮನೆಯಲ್ಲಿ, ಇಟ್ಟುಕೊಂಡರು. ನಾನು ಹಾಕಬೇಕಾಗಿದ್ದ ಅನ್ನವನ್ನು ಆ ತಾಯಿ ಹಾಕಿದರು. ನಾನು ಹುಡುಕಿಕೊಂಡು ಹೋಗಿ ಅವಳ ಕೈ ಹಿಡಿದುಕೊಳ್ಳುವ ಹೊತ್ತಿಗೆ ಐದು ವರ್ಷ ಆಗಿತ್ತು.

2012ರಲ್ಲಿ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದ ಅವಳನ್ನೂ ಇನ್ನಿಬ್ಬರನ್ನೂ ಜೀಪಿಗೆ ಹತ್ತಿಸಿದರು. ಠಾಣೆಯಲ್ಲಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದರು. ಬೆರಳಚ್ಚು ತೆಗೆದುಕೊಂಡರು. ಈಗಿನ ಹೆಸರು, ಹಳೇ ಹೆಸರು, ಊರು, ಅಪ್ಪನ ಹೆಸರು, ಗುರುವಿನ ಹೆಸರು, ಬಾಡಿಗೆ ಮನೆಯ ವಿಳಾಸ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡರು. ಏನು ತಪ್ಪು ಮಾಡಿದ್ದೀವಿ ಅಂತ ಕೇಳಿದ್ದಕ್ಕೆ, 'ನಿಮಗೆಲ್ಲ ಈಗ ಬೇರೆ ಕಾನೂನು ಬಂದಿದೆ' ಅಂದರು. ಕೇಸು ಹಾಕಲಿಲ್ಲ. ಒಂದು ಚೀಟಿ ಕೊಡಲಿಲ್ಲ. ಆಮೇಲೆ ಯಾರೋ ಬಂದು ಮನೆ ಮಾಲೀಕರ ಹತ್ತಿರ ವಿಚಾರಿಸಿ ಹೋದರು. ಆ ತಿಂಗಳೇ ಮನೆ ಖಾಲಿ ಮಾಡಬೇಕಾಯಿತು. ಯಾವ ಠಾಣೆ ಅಂತ ನಾನು ಬರೆಯುವುದಿಲ್ಲ. ಯಾರಿಗೋ ಶಿಕ್ಷೆ ಆಗಲಿ ಅಂತ ಈ ಪತ್ರ ಬರೆಯುತ್ತಿಲ್ಲ.

ಅವತ್ತು ಊರಿಗೆ ಬಂದವಳು ನನ್ನನ್ನು ಒಂದೇ ಮಾತು ಕೇಳಿದಳು. 'ಅಮ್ಮಾ, ಆ ಬುಕ್ಕಿಂದ ಹೆಸರು ತೆಗೆಸೋಕೆ ಯಾರಿಗೆ ಅರ್ಜಿ ಕೊಡಬೇಕು?' ಸಾವಿರಾರು ಜನಕ್ಕೆ ಅರ್ಜಿಯ ದಾರಿ ತೋರಿಸಿದವಳು ನಾನು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಅರ್ಜಿಯನ್ನು ಇಷ್ಟು ವರ್ಷ ಆದಮೇಲೆ ತಮಗೆ ಬರೆಯುತ್ತಿದ್ದೇನೆ.

ಅವರು ಹೇಳಿದ ಆ 'ಬೇರೆ ಕಾನೂನು' ಯಾವುದು ಅಂತ ಹುಡುಕಿದೆ. 2011ರಲ್ಲಿ ನಮ್ಮ ವಿಧಾನಮಂಡಲ ಕರ್ನಾಟಕ ಪೊಲೀಸ್ ಕಾಯ್ದೆಗೆ ಒಂದು ತಿದ್ದುಪಡಿ ತಂದು 36ಎ ಅನ್ನುವ ಹೊಸ ಸೆಕ್ಷನ್ ಸೇರಿಸಿತು. ಅದರ ಇಂಗ್ಲಿಷ್ ಪಠ್ಯದಲ್ಲಿ 'ಯೂನಕ್ಸ್' (ನಪುಂಸಕರು) ಅನ್ನುವ ಪದ ಇತ್ತು, ಹಿಜ್ರಾ ಸಮುದಾಯದವರನ್ನು ಕರೆಯುವ ಅವಮಾನದ ಪದ. ಅವರ 'ಅನಪೇಕ್ಷಿತ ಚಟುವಟಿಕೆ' ತಡೆಯಲು ಪೊಲೀಸ್ ಕಮಿಷನರ್ ಅಧಿಸೂಚನೆ ಹೊರಡಿಸಬಹುದು. ಗಂಡುಮಕ್ಕಳನ್ನು ಅಪಹರಿಸಿ ಪುರುಷತ್ವ ತೆಗೆಯುತ್ತಾರೆ, ಇಲ್ಲವೇ ಅಸ್ವಾಭಾವಿಕ ಅಪರಾಧ ಮಾಡುತ್ತಾರೆ, ಇಲ್ಲವೇ ಬೇರೆ ಯಾವುದೇ ಅಪರಾಧ ಮಾಡುತ್ತಾರೆ ಅಂತ ಸಂಶಯ ಇದ್ದವರ ಹೆಸರು, ವಿಳಾಸದ ರಿಜಿಸ್ಟರ್ ಇಡಬಹುದು. ರಿಜಿಸ್ಟರಿಗೆ ಸೇರಿದವರು ಏನೇನು ಮಾಡಬಾರದು ಅಂತ ಆದೇಶ ಕೊಡಬಹುದು. ಕೇಸು ಬೇಕಿಲ್ಲ, ಸಾಕ್ಷಿ ಬೇಕಿಲ್ಲ, ಸಂಶಯ ಸಾಕು.

ಹೆಸರು ಸೇರಿಸಿದ್ದಕ್ಕೆ ಆಕ್ಷೇಪಣೆ ಸಲ್ಲಿಸಬಹುದು ಅಂತಲೂ ಅದರಲ್ಲಿದೆ. ಸರ್, ನಮ್ಮ ಇಲಾಖೆಯಲ್ಲಿ ಅರ್ಧ ಗುಂಟೆ ಜಮೀನಿನ ಖಾತೆ ಬದಲಾಯಿಸಬೇಕಾದರೂ ನೋಟಿಸು ಕೊಟ್ಟು, ಚಾವಡಿಯಲ್ಲಿ ಅಂಟಿಸಿ, ತಕರಾರಿಗೆ 30 ದಿನ ಕಾಯುತ್ತಿದ್ದೆವು. ನನ್ನ ಮಗಳ ಹೆಸರು ಬರೆದುಕೊಂಡವರು ಅವಳಿಗೆ ಒಂದು ಸಾಲಿನ ಹಿಂಬರಹ ಕೊಡಲಿಲ್ಲ. ಯಾವ ಪುಸ್ತಕ, ಯಾವ ಪುಟ ಅಂತ ಗೊತ್ತಿಲ್ಲದೆ ಯಾವುದಕ್ಕೆ ಆಕ್ಷೇಪಣೆ ಹಾಕುವುದು?

ಇಂಥ ಮಾತುಗಳು ಎಲ್ಲಿಂದ ಬಂದವು ಅಂತ ನೋಡುತ್ತಾ ಹೋದರೆ ಸಿಗುವುದು 1871. ಆ ವರ್ಷ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ಹುಟ್ಟಿದ ಜಾತಿಯಿಂದಲೇ ಜನರನ್ನು ಕಳ್ಳರು ಅಂತ ಬರೆದಿಟ್ಟ ಕಾಯ್ದೆ ಅದು. ಅದರ ಎರಡನೇ ಭಾಗ ಹಿಜ್ರಾ ಸಮುದಾಯದ ಮೇಲೆ. ಉತ್ತರ ಭಾರತದ ಪ್ರಾಂತ್ಯಗಳಿಗಾಗಿ ಮಾಡಿದ್ದು. ಮಕ್ಕಳನ್ನು ಅಪಹರಿಸುತ್ತಾರೆ ಅಂತ ಸಂಶಯ ಇರುವವರ ಹೆಸರು, ವಿಳಾಸದ ರಿಜಿಸ್ಟರ್ ಇಡಬೇಕು. ರಿಜಿಸ್ಟರಿಗೆ ಸೇರಿದವರು ಹೆಣ್ಣಿನ ಉಡುಪು, ಒಡವೆ ತೊಟ್ಟು ರಸ್ತೆಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದು. ದುಡ್ಡಿಗೆ ಕುಣಿಯಬಾರದು, ವಾದ್ಯ ನುಡಿಸಬಾರದು. ಮೀರಿದರೆ ಎರಡು ವರ್ಷದವರೆಗೆ ಜೈಲು. ಅವರು ದತ್ತು ತೆಗೆದುಕೊಳ್ಳುವ ಹಾಗಿಲ್ಲ, ವಿಲ್ ಬರೆಯುವ ಹಾಗಿಲ್ಲ.

ಎರಡು ಕಾನೂನನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಹಳೇ ಫೈಲು ನೋಡಿ ಹೊಸ ಕರಡು ತಯಾರಿಸುವುದು ಕಚೇರಿಯಲ್ಲಿ ಎಲ್ಲರಿಗೂ ಅಭ್ಯಾಸವಾದ ಕೆಲಸ. ನಾನೂ ಮಾಡಿದ್ದೇನೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಅಪಹರಣ, ಪುರುಷತ್ವ ತೆಗೆಯುವುದು, ಅಸ್ವಾಭಾವಿಕ ಅಪರಾಧ, ಸಂಶಯ, ರಿಜಿಸ್ಟರ್, ಆಕ್ಷೇಪಣೆ. ಅದೇ ಮಾತುಗಳು, ಹೆಚ್ಚುಕಡಿಮೆ ಅದೇ ಸಾಲಿನಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಆ ಅಪರಾಧಿ ಬುಡಕಟ್ಟುಗಳ ಪಟ್ಟಿಯನ್ನೇ ದೇಶ ಕೈಬಿಟ್ಟಿತು. 140 ವರ್ಷದ ಹಿಂದಿನ ಮಾತು 2011ರಲ್ಲಿ ನಮ್ಮ ರಾಜ್ಯದ ಪುಸ್ತಕಕ್ಕೆ ಬಂದು ಕೂತಿತು.

'ಅಸ್ವಾಭಾವಿಕ ಅಪರಾಧ' ಅನ್ನುವ ಮಾತು ಬಂದದ್ದು ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377ರಿಂದ. 1860ರ ಕಾನೂನು. ಅದು ಮನೆಯೊಳಗೆ ಇಬ್ಬರು ದೊಡ್ಡವರು ಒಪ್ಪಿ ಕೂಡಿದ್ದನ್ನೂ ಅಪರಾಧ ಅಂತ ಕರೆಯಿತು. ಕೋರ್ಟಿಗೆ ಹೋದ ಕೇಸು ಕಮ್ಮಿ. ಆದರೆ ರಸ್ತೆಯಲ್ಲಿ, ಪಾರ್ಕಿನಲ್ಲಿ ನಿಲ್ಲಿಸಿ ದುಡ್ಡು ಕೇಳಲಿಕ್ಕೆ, ಹೊಡೆಯಲಿಕ್ಕೆ ಆ ನಂಬರು ಸಾಕಾಗಿತ್ತು. ಇದನ್ನು ನಮ್ಮ ಬೆಂಗಳೂರಿನಲ್ಲೇ ಕೆಲವರು ಕೂತು ಬರೆದಿಟ್ಟರು. 1994ರಲ್ಲಿ 'ಗುಡ್ ಆ್ಯಸ್ ಯು' ಅನ್ನುವ, ಸಲಿಂಗಿಗಳ ಒಂದು ಸಣ್ಣ ಗುಂಪು ಇಲ್ಲಿ ಸೇರಲು ಶುರುಮಾಡಿತ್ತು. 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ 'ಸಂಗಮ' ಸಂಸ್ಥೆ ಹುಟ್ಟಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ ಒಂದು ವರದಿ ತಂದಿತು. 2003ರಲ್ಲಿ ಬೆಂಗಳೂರಿನ ಕೋಥಿ (ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮತ್ತು ಹಿಜ್ರಾ ಲೈಂಗಿಕ ಕಾರ್ಮಿಕರ ಬಗ್ಗೆ ಇನ್ನೊಂದು. ಬೀದಿಯಲ್ಲಿ, ಠಾಣೆಯಲ್ಲಿ, ಮನೆಯಲ್ಲಿ, ಆಸ್ಪತ್ರೆಯಲ್ಲಿ ಏನಾಯಿತು ಅಂತ ಜನ ತಮ್ಮ ಬಾಯಲ್ಲೇ ಹೇಳಿದ್ದು ಆ ವರದಿಗಳಲ್ಲಿದೆ. ಅದೂ ಒಂಥರಾ ರಿಜಿಸ್ಟರೇ. ಅನ್ಯಾಯಕ್ಕೆ ಒಳಗಾದವರೇ ಬರೆಸಿದ ರಿಜಿಸ್ಟರು.

ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ನಾಜ್ ಫೌಂಡೇಶನ್ ಪ್ರಕರಣದಲ್ಲಿ, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ಹೇಳಿತು. ಆ ತೀರ್ಪಿನೊಳಗೆ ಬೆಂಗಳೂರು ಇದೆ ಸರ್. 2004ರಲ್ಲಿ ಇಲ್ಲಿ ಒಬ್ಬ ಹಿಜ್ರಾ ಮಹಿಳೆಯ ಮೇಲೆ ಗುಂಪು ಅತ್ಯಾಚಾರ ಆಯಿತು. ಆಮೇಲೆ ಠಾಣೆಯಲ್ಲಿ ಅವರನ್ನೇ ಕಿಟಕಿಗೆ ಕಟ್ಟಿ ಹಿಂಸೆ ಕೊಟ್ಟರು. ಆ ಘಟನೆಯನ್ನು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. 2004ರಲ್ಲಿ ನನ್ನ ಮಗಳು ಇನ್ನೂ ಮನೆಯಲ್ಲಿದ್ದಳು. ಮಾರನೇ ವರ್ಷ ಅದೇ ಊರಿಗೆ ಹೋದಳು. ಹೋಗುವ ಹಾಗೆ ಮಾಡಿದ್ದು ನಾವು.

ಆ ನೆಮ್ಮದಿ ನಾಲ್ಕು ವರ್ಷ ಉಳಿಯಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 150 ವರ್ಷಕ್ಕೂ ಜಾಸ್ತಿ ಕಾಲದಲ್ಲಿ 377ರ ಅಡಿ ವಿಚಾರಣೆಗೆ ಒಳಗಾದವರು 200 ಜನಕ್ಕಿಂತ ಕಮ್ಮಿ, ಈ ಸಮುದಾಯ ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಅಂತ ಅಲ್ಲಿತ್ತು. ಕೇಸು ಹಾಕದೆ ಹೊಡೆದು ಕಳಿಸಿದ್ದನ್ನು ಯಾರು ಬರೆದಿಡುತ್ತಾರೆ? 2012ರ ಆ ಸಂಜೆ ಯಾವ ಲೆಕ್ಕಕ್ಕೂ ಬರುವುದಿಲ್ಲ, ಅಲ್ವಾ? ಲೆಕ್ಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಗಿಲ್ಲ ಅಂತ ಆಗುವುದಿಲ್ಲ. ಗುಮಾಸ್ತೆಯಾಗಿ ನನಗೆ ಇದು ಗೊತ್ತು.

2014ರ ಏಪ್ರಿಲ್ 15ರಂದು ಅದೇ ಸುಪ್ರೀಂ ಕೋರ್ಟ್, ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಅಂತ ತೀರ್ಪು ಕೊಟ್ಟಿತು. ಇವರನ್ನು ಹಿಂದುಳಿದವರು ಅಂತ ಪರಿಗಣಿಸಿ ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಮೀಸಲಾತಿ ಕೊಡಿ ಅಂತಲೂ ಹೇಳಿತು. ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದ್ದೆ. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಬೀದಿಗಳಿಂದ ನೂರಕ್ಕೂ ಜಾಸ್ತಿ ಮಂಗಳಮುಖಿಯರನ್ನು ಹಿಡಿದು, ಭಿಕ್ಷುಕರನ್ನು ಇಡುವ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತುಂಬಿದರು. ಭಿಕ್ಷೆ ಬೇಡದೆ ಸುಮ್ನೆ ನಡೆದು ಹೋಗುತ್ತಿದ್ದವರನ್ನೂ ಬಿಡಲಿಲ್ಲ ಅಂತ ಬಿಡಿಸಿಕೊಂಡು ಬಂದವರು ಹೇಳಿದರು. ಮಗಳು ಹೆದರಿ ಊರಿಗೆ ಬಂದು ಒಂದು ತಿಂಗಳು ಹೊರಗೆ ಕಾಲಿಡಲಿಲ್ಲ. ಆಗ ಅವರಪ್ಪ ಹಾಸಿಗೆ ಹಿಡಿದಿದ್ದರು. ಅವಳೇ ಗಂಜಿ ಕುಡಿಸಿದಳು. ಅವರು ಬಾಯಿಬಿಟ್ಟು ಮಗಳೇ ಅಂತ ಕರೆಯಲಿಲ್ಲ, ಆದರೆ ಅವಳ ಕೈಯಿಂದಲೇ ಕುಡಿದರು.

ಹೀಗಿರುವಾಗಲೇ ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ 36ಎ ವಿರುದ್ಧ ಹೈಕೋರ್ಟಿಗೆ ಹೋಗಿತ್ತು. ಪ್ರಕರಣ ನಡೆಯುತ್ತಿರುವಾಗಲೇ, 2016ರಲ್ಲಿ, ಸರ್ಕಾರ ಸೆಕ್ಷನ್ ತಿದ್ದಿತು. 'ಯೂನಕ್ಸ್' ಅನ್ನುವ ಪದ ತೆಗೆದು 'ವ್ಯಕ್ತಿಗಳು' ಅಂತ ಹಾಕಿತು. 2017ರ ಫೆಬ್ರವರಿಯಲ್ಲಿ ಅರ್ಜಿ ಇತ್ಯರ್ಥವಾಯಿತು. ಅವಮಾನದ ಪದ ಹೋದದ್ದು ಒಳ್ಳೆಯದೇ. ಅದಕ್ಕಾಗಿ ಹೋರಾಡಿದವರಿಗೆ ನಾನು ಕೈಮುಗಿಯುತ್ತೇನೆ. ಆದರೆ ರಿಜಿಸ್ಟರ್ ಹಾಗೇ ಇದೆ. ಪುರುಷತ್ವ ತೆಗೆಯುವವರು, ಅಸ್ವಾಭಾವಿಕ ಅಪರಾಧ ಮಾಡುವವರು ಅನ್ನುವ ಸಾಲೂ ಹಾಗೇ ಇದೆ. ಆ ಸಾಲು ಓದಿದ ಯಾವ ಕಾನ್‌ಸ್ಟೆಬಲ್ಲಿಗೂ ಇದು ಯಾರ ಬಗ್ಗೆ ಅಂತ ಬಿಡಿಸಿ ಹೇಳಬೇಕಿಲ್ಲ.

2011ರಲ್ಲಿ ಯಾವ ಪಕ್ಷ ಇತ್ತು, 2016ರಲ್ಲಿ ಯಾವುದಿತ್ತು ಅಂತ ನಾನು ಲೆಕ್ಕ ಹಾಕುತ್ತಿಲ್ಲ. ತಾವು ಯಾವ ಪಕ್ಷದವರಾದರೂ ಇದೇ ಪತ್ರ ಬರೆಯುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ಬೇರೆ ಎಲ್ಲ ಬದಲಾಯಿತು. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋಗಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಯಾರ ಬಗ್ಗೆ ಏನನ್ನು ಬರೆದಿಟ್ಟುಕೊಳ್ಳಬಹುದು ಅನ್ನುವ ಪ್ರಶ್ನೆಯಿಂದ ಶುರುವಾದದ್ದು, 2013ರ ತೀರ್ಪು ತಪ್ಪು ಅನ್ನುವ ಮಾತಿನವರೆಗೂ ಹೋಯಿತು. 377ರ ವಿರುದ್ಧ ಅರ್ಜಿ ಹಾಕಿದವರಲ್ಲಿ ನಮ್ಮ ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಇದ್ದರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ಹೇಳಿ, ಆ ಸೆಕ್ಷನ್ನಿನ ವಿಷದ ಹಲ್ಲು ಕಿತ್ತರು. ಈ ಜನರಿಗೂ ಇವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಮನೆಯವರಿಗೂ ಅಂದರಲ್ಲ, ಅಲ್ಲಿ ನಾನು ತಲೆ ತಗ್ಗಿಸಿದೆ. ನನ್ನಂಥ ಮನೆಯವರು ಮೊದಲು ಮಕ್ಕಳ ಹತ್ತಿರ ಕ್ಷಮೆ ಕೇಳಬೇಕು. ನಾನು ಕೇಳಿದ್ದೇನೆ.

2024ರ ಜುಲೈ 1ರಿಂದ ದಂಡ ಸಂಹಿತೆಯೇ ಇಲ್ಲ. ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಸೆಕ್ಷನ್ ಇಲ್ಲ. (ಅದರಿಂದ ಒಂದು ತೊಂದರೆಯೂ ಆಗಿದೆ. ಗಂಡಸರ ಮೇಲೆ, ಟ್ರಾನ್ಸ್ ವ್ಯಕ್ತಿಗಳ ಮೇಲೆ ಅತ್ಯಾಚಾರ ನಡೆದರೆ ಹಿಡಿಯುತ್ತಿದ್ದ ಆಸರೆಯೂ ಹೋಯಿತು. ಅದು ಕೇಂದ್ರದ ವಿಷಯ. ತಾವು ದೆಹಲಿಗೆ ಹೋದಾಗ ದಯವಿಟ್ಟು ಅದನ್ನೂ ಎತ್ತಿ.) ಅಂದರೆ ನಮ್ಮ 36ಎ, ದಂಡ ಸಂಹಿತೆಯ ಜೊತೆಗೇ ಹೋದ ಒಂದು ಅಪರಾಧದ ಹೆಸರಲ್ಲಿ ಇನ್ನೂ ರಿಜಿಸ್ಟರ್ ಇಡಲು ಅನುಮತಿ ಕೊಡುತ್ತಿದೆ.

ಪಕ್ಕದ ತೆಲಂಗಾಣ ನೋಡಿ. ನಿಜಾಮರ ಹೈದರಾಬಾದಿನಲ್ಲಿ 1919ರಷ್ಟು ಹಿಂದೆ ಇಂಥದ್ದೇ ರಿಜಿಸ್ಟರಿನ ಕಾನೂನು ಬಂದಿತ್ತು. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಆ ಸಂಸ್ಥಾನದಲ್ಲೇ ಇದ್ದವು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟ್ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿತು. ಅಲ್ಲಿ ಕೋರ್ಟ್ ಮಾಡಿದ್ದನ್ನು ಇಲ್ಲಿ ಸದನವೇ ಮಾಡಬಹುದು.

ನಮ್ಮ ರಾಜ್ಯ ಒಳ್ಳೆಯದನ್ನು ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಮಂಗಳಮುಖಿಯರಿಗೆ ಮೈತ್ರಿ ಪಿಂಚಣಿ ಕೊಟ್ಟಿರಿ. 2017ರಲ್ಲಿ ಟ್ರಾನ್ಸ್‌ಜೆಂಡರ್ ನೀತಿ ತಂದಿರಿ. ಶಕ್ತಿ ಯೋಜನೆಯ ಬಸ್ಸಿನಲ್ಲಿ ನನ್ನ ಮಗಳೂ ನನ್ನ ಪಕ್ಕ ಕೂತು ಊರಿಗೆ ಬರುತ್ತಾಳೆ. 2019ರಲ್ಲಿ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರೂ ಟ್ರಾನ್ಸ್ ಮಹಿಳೆ, ಎಲ್ಲಮ್ಮನ ಕೊಡ ಹೊತ್ತು ಕುಣಿದವರು. 1871ರಲ್ಲಾಗಿದ್ದರೆ, ಆ ಪ್ರಾಂತ್ಯಗಳಲ್ಲಿ, ಸೀರೆ ಉಟ್ಟು ಹಾಗೆ ಕುಣಿದವರು ಜೈಲು ಸೇರಬೇಕಿತ್ತು. 2021ರ ನವೆಂಬರಿನಲ್ಲಿ ಅವರು ಪದ್ಮಶ್ರೀ ತೆಗೆದುಕೊಳ್ಳುವ ಮೊದಲು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಅದನ್ನು ಟಿವಿಯಲ್ಲಿ ನೋಡುತ್ತಾ ನಾವಿಬ್ಬರೂ ಅತ್ತೆವು.

ಇನ್ನೊಂದು ಸಂಗತಿ ತಮ್ಮ ಇಲಾಖೆಯದೇ. 2020ರಲ್ಲಿ ಮೀಸಲು ಪೊಲೀಸ್ ಪಡೆಯ ನೇಮಕಾತಿಗೆ ಗಂಡು, ಹೆಣ್ಣು ಅಂತ ಎರಡೇ ಕಾಲಂ ಇಟ್ಟು ಅರ್ಜಿ ಕರೆದಾಗ ಸಂಗಮ ಹೈಕೋರ್ಟಿಗೆ ಹೋಯಿತು. ಅದರಿಂದಲೇ 2021ರ ಜುಲೈನಲ್ಲಿ ರಾಜ್ಯ ಸರ್ಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಎಲ್ಲ ಪ್ರವರ್ಗಗಳ ಒಳಗೂ ಶೇ. 1ರಷ್ಟು ಮೀಸಲಾತಿ ಬಂತು. ಇಡೀ ದೇಶದಲ್ಲಿ ಮೊದಲು. ಈಗ ಒಬ್ಬ ಟ್ರಾನ್ಸ್ ಹುಡುಗಿ ಕಾನ್‌ಸ್ಟೆಬಲ್ ಆಗಿ ತಮ್ಮ ಇಲಾಖೆ ಸೇರಬಹುದು. ತರಬೇತಿಯಲ್ಲಿ ಅವಳು ಕರ್ನಾಟಕ ಪೊಲೀಸ್ ಕಾಯ್ದೆ ಓದಬೇಕು. 36ಎ ಬಂದಾಗ ಪಾಠ ಹೇಳುವ ಅಧಿಕಾರಿ ಅವಳ ಮುಖ ನೋಡಿಕೊಂಡು ಏನು ಹೇಳಬೇಕು?

ನಾನು ಕೇಳುವುದು ಜಾಸ್ತಿ ಏನಲ್ಲ. ಒಂದು ಸಾಲಿನ ತಿದ್ದುಪಡಿ ಮಸೂದೆ. 'ಮೂಲ ಅಧಿನಿಯಮದ 36ಎ ಪ್ರಕರಣವನ್ನು ಬಿಟ್ಟುಬಿಡತಕ್ಕದ್ದು.' ಅಷ್ಟೇ. ಇದಕ್ಕೆ ಹಣ ಬೇಕಿಲ್ಲ, ಹುದ್ದೆ ಬೇಕಿಲ್ಲ, ಹಣಕಾಸು ಇಲಾಖೆ ತಕರಾರು ಮಾಡುವಂಥದ್ದು ಏನೂ ಇಲ್ಲ. ಮಕ್ಕಳ ಅಪಹರಣಕ್ಕೆ, ಗಾಯಗೊಳಿಸಿದ್ದಕ್ಕೆ, ಸುಲಿಗೆಗೆ ನ್ಯಾಯ ಸಂಹಿತೆಯಲ್ಲಿ ಬೇಕಾದಷ್ಟು ಸೆಕ್ಷನ್ನುಗಳಿವೆ. ತಪ್ಪು ಮಾಡಿದವರು ಯಾರೇ ಆಗಲಿ, ಅವುಗಳ ಅಡಿ ಕೇಸು ಹಾಕಿ, ಸಾಕ್ಷಿ ತನ್ನಿ. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ.

ಅದರ ಜೊತೆಗೆ, 2011ರಿಂದ ಇವತ್ತಿನವರೆಗೆ ಯಾವ ಕಮಿಷನರೇಟಿನಲ್ಲಿ 36ಎ ಅಡಿ ಅಧಿಸೂಚನೆ ಹೊರಟಿದೆ ಅಂತ ಸದನದಲ್ಲಿ ಹೇಳಿ. ಅಧಿಸೂಚನೆ ಇಲ್ಲದೆಯೇ ಠಾಣೆಗಳಲ್ಲಿ ಬರೆದುಕೊಂಡ ಹೆಸರುಗಳು, ತೆಗೆದ ಫೋಟೊಗಳು, ಬೆರಳಚ್ಚುಗಳು ಇದ್ದರೆ ನಾಶ ಮಾಡಿಸಿ. ಹಳೇ ದಾಖಲೆ ನಾಶ ಮಾಡುವಾಗ ಪಂಚನಾಮೆ ಬರೆದು ಸಹಿ ಹಾಕುತ್ತೇವಲ್ಲ, ಹಾಗೆ ಮಾಡಿಸಿ. ಸಮುದಾಯದವರ ಎದುರಿಗೇ ಮಾಡಿಸಿ.

ನನ್ನ ಮಗಳು ಈಗ ಬೆಂಗಳೂರಿನ ಹೊರವಲಯದಲ್ಲಿ ತಳ್ಳುಗಾಡಿಯಲ್ಲಿ ತಟ್ಟೆ ಇಡ್ಲಿ ಮಾರುತ್ತಾಳೆ. ಬೆಳಿಗ್ಗೆ ಆರಕ್ಕೆ ಗಾಡಿ ಹಚ್ಚುತ್ತಾಳೆ, ಹತ್ತಕ್ಕೆ ಎಲ್ಲ ಖಾಲಿ. ಡ್ಯೂಟಿ ಮುಗಿಸಿದ ಪೊಲೀಸಿನವರೂ ಬಂದು ತಿನ್ನುತ್ತಾರೆ. ಅಕ್ಕಾ, ಇನ್ನೆರಡು ಹಾಕಿ ಅನ್ನುತ್ತಾರೆ. ಪಾಪ, ಒಳ್ಳೆಯವರು. ಆದರೂ ಜೀಪು ನಿಂತ ಸದ್ದು ಕೇಳಿದಾಗ ಅವಳ ಕೈ ಒಂದು ಕ್ಷಣ ನಿಲ್ಲುತ್ತದೆ. ನಾನು ಪಕ್ಕದಲ್ಲಿ ಚಟ್ನಿ ಹಾಕುತ್ತಾ ಅದನ್ನು ನೋಡಿದ್ದೇನೆ.

ಮನೆ ಮಾಲೀಕರಿಗೆ ಗೊತ್ತಾಗಬಾರದು ಅಂತ ಅವಳು ಕೇಳಿಕೊಂಡಿದ್ದರಿಂದ ಇಲ್ಲಿ ನನ್ನ ಹೆಸರು ಹಾಕಿಲ್ಲ. ಇದೇ ಪತ್ರವನ್ನು ನನ್ನ ಹೆಸರು, ವಿಳಾಸ, ಸಹಿಯ ಜೊತೆ ತಮ್ಮ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಟಪಾಲಿನಲ್ಲಿ ತೆಗೆದುಕೊಂಡು, ನಂಬರು ಹಾಕಿ, ಆ ನಂಬರನ್ನು ನನಗೆ ತಿಳಿಸಲು ತಮ್ಮ ಸಿಬ್ಬಂದಿಗೆ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ
ನಿವೃತ್ತ ಪ್ರಥಮ ದರ್ಜೆ ಸಹಾಯಕಿ, ಕಂದಾಯ ಇಲಾಖೆ
ತುಮಕೂರು ಜಿಲ್ಲೆ